ಹಾಸನದ ವ್ಯಾಪಾರಿಗಳ ಮುಂದೆ ನಕ್ಷೆ ಇಟ್ಟ ಅನುಭವ

ಹಾಸನದಲ್ಲಿ ಉಪಗ್ರಹ ಅಂದರೆ ಎಂಸಿಎಫ್. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಸಾಲಗಾಮೆ ರಸ್ತೆಯಲ್ಲಿದೆ, ಅಲ್ಲಿನ ದೊಡ್ಡ ದೊಡ್ಡ ಆಂಟೆನಾಗಳನ್ನು ಊರಿನವರೆಲ್ಲ ನೋಡಿದ್ದಾರೆ. ಹಾಗಾಗಿ ನಾವು ವ್ಯಾಪಾರಿಗಳ ಹತ್ತಿರ ಹೋಗಿ ಉಪಗ್ರಹದ ಚಿತ್ರ ಅಂದ ಕೂಡಲೇ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಎಂಸಿಎಫ್‌ನವರು ಫೋಟೋ ಕೊಡ್ತಾರಾ ಸಾರ್?" ಕೊಡಲ್ಲ. ಇಲ್ಲಿಂದ ನೋಡಿಕೊಳ್ಳುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಟಿವಿ, ಸಂಪರ್ಕ, ಹವಾಮಾನದ ಉಪಗ್ರಹಗಳನ್ನು. ಹೊಲ ತೋಟದ ಚಿತ್ರ ತೆಗೆಯುವ ಉಪಗ್ರಹಗಳು ಬೇರೆ. ಅವು ಕೆಳಗೆ, ಕೆಲವೇ ನೂರು ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಇಸ್ರೋದ ಅಂಥ ಉಪಗ್ರಹಗಳ ಡೇಟಾ ಇಳಿಯುವುದು ಹೈದರಾಬಾದ್ ಹತ್ತಿರದ ಶಾದ್‌ನಗರದಲ್ಲಿ. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಟೀ ಬಂದಿರುತ್ತದೆ, ಮಾತು ಶುರುವಾಗಿರುತ್ತದೆ.

ನಾನು ಇಲ್ಲಿ ಸಣ್ಣದೊಂದು ಜಿಐಎಸ್ ಆಫೀಸ್, ಅಂದರೆ ಜಾಗದ ಮಾಹಿತಿಯನ್ನು ಕಂಪ್ಯೂಟರ್ ನಕ್ಷೆಗೆ ತರುವ ಆಫೀಸ್ ನಡೆಸುತ್ತೇನೆ. ಸುತ್ತಲಿನ ಜಿಲ್ಲೆಗಳ ನನ್ನಂಥವರು ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಟೋಟಲ್ ಸ್ಟೇಷನ್ ಅನ್ನುವ ಅಳತೆ ಯಂತ್ರ ಹಿಡಿದು ಸರ್ವೆ ಮಾಡುವವರು, ಡ್ರೋನ್ ಹಾರಿಸುವವರು, ಲಾರಿಗಳಿಗೆ ಜಿಪಿಎಸ್ ಹಾಕಿಕೊಡುವವರು, ಕಂಪ್ಯೂಟರ್ ಮುಂದೆ ಕೂತು ನಕ್ಷೆ ಮಾಡುವವರು, ಜೊತೆಗೆ ಒಬ್ಬರು ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ನಕ್ಷೆಯ ತಂತ್ರಜ್ಞಾನ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಈ ಭಾಗದ ವ್ಯಾಪಾರಿಗಳಿಗೆ ತೋರಿಸುವುದು ಸಂಘದ ಕೆಲಸ. ಹೇಗೆ ಮಾಡಿದಿರಿ ಅಂತ ಬೇರೆ ಊರಿನವರು ಆಗಾಗ ಕೇಳುತ್ತಾರೆ, ಅದಕ್ಕೇ ಈ ಬರಹ.

ನಮಗೆ ಧೈರ್ಯ ಬಂದಿದ್ದು 2021ರ ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ ನಕ್ಷೆ ಮಾಡಲು ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಅನ್ನುವುದೇ ದೊಡ್ಡ ಗೊಂದಲವಾಗಿತ್ತು. ಕೇಂದ್ರ ಸರ್ಕಾರದ ಹೊಸ ಮಾರ್ಗಸೂಚಿ ಬಂದ ಮೇಲೆ ಭಾರತದ ಕಂಪನಿಗಳು ನಕ್ಷೆ ಮಾಡಲು, ಹಂಚಲು, ಮಾರಲು ಮುಂಚಿತವಾಗಿ ಲೈಸೆನ್ಸು ಪಡೆಯಬೇಕಾಗಿಲ್ಲ. 1 ಮೀಟರ್‌ಗಿಂತ ಸೂಕ್ಷ್ಮ ಅಳತೆಯ ನಕ್ಷೆ ಮಾಡುವ ಹಕ್ಕನ್ನು ದೇಶದ ಕಂಪನಿಗಳಿಗೇ ಇಟ್ಟರು. 2022ರ ಡಿಸೆಂಬರ್‌ನಲ್ಲಿ ಇದೇ ಕ್ಷೇತ್ರಕ್ಕೆ ರಾಷ್ಟ್ರೀಯ ನೀತಿಯೂ ಬಂತು. ಸಾಮಾನು ಅಂತೂ ಮೊದಲಿಂದಲೂ ಬಿಟ್ಟಿಯಾಗಿ ಸಿಗುತ್ತಿತ್ತು. ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಉಚಿತ. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತ: 10 ಮೀಟರ್‌ನಷ್ಟು ವಿವರ, ಸುಮಾರು 5 ದಿನಕ್ಕೊಮ್ಮೆ ಹೊಸ ಚಿತ್ರ. ಇಸ್ರೋದ ನಕ್ಷೆಗಳ ವೆಬ್‌ಸೈಟ್ ಭುವನ್ 2009ರಿಂದ ಇದೆ. ನಮ್ಮ ರಾಜ್ಯದ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಎಲ್ಲ ಬಿಟ್ಟಿ ಆದ ಮೇಲೆ ನಾವು ಮಾರುವುದು ಏನನ್ನ? ಉತ್ತರವನ್ನ. ವ್ಯಾಪಾರಿಗೆ ನಕ್ಷೆ ಬೇಡ. ಅವನ ತಲೆ ತಿನ್ನುತ್ತಿರುವ ಒಂದು "ಎಲ್ಲಿ" ಪ್ರಶ್ನೆಗೆ ಉತ್ತರ ಬೇಕು, ಅಷ್ಟೇ.

ಹಾಗಾಗಿ ಪ್ರೊಜೆಕ್ಟರ್ ಹಾಕಿ ತಂತ್ರಜ್ಞಾನದ ಮಹಿಮೆ ಹೇಳುವ ಕಾರ್ಯಕ್ರಮ ನಾವು ಮಾಡುವುದಿಲ್ಲ. ಒಂದು ಸಲಕ್ಕೆ ಒಂದೇ ಕಸುಬಿನವರನ್ನು ಕರೆಯುತ್ತೇವೆ. ಕಾಫಿಯವರ ಜೊತೆ ಸಿಮೆಂಟ್ ಅಂಗಡಿಯವರನ್ನು ಕೂರಿಸಿದರೆ ಇಬ್ಬರಿಗೂ ಬೇಜಾರು. ಬರುವಾಗ ಅವರ ಲೆಕ್ಕದ ಪುಸ್ತಕವನ್ನೋ ಎಕ್ಸೆಲ್ ಶೀಟನ್ನೋ ತರಲು ಹೇಳುತ್ತೇವೆ. ನಮ್ಮ ಉದಾಹರಣೆ ತೋರಿಸುವುದಿಲ್ಲ, ಅವರದ್ದನ್ನೇ ತೆರೆಯುತ್ತೇವೆ.

ಪಶು ಆಹಾರದ ಒಬ್ಬ ಡಿಸ್ಟ್ರಿಬ್ಯೂಟರ್ ಹೀಗೆ ಬಂದಿದ್ದರು. ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ ಕಡೆಯ ಅಂಗಡಿಗಳಿಗೆ ಅವರ ಗಾಡಿಗಳು ಹೋಗುತ್ತವೆ. ಡೀಸೆಲ್ ಖರ್ಚು ಜಾಸ್ತಿ ಆಗುತ್ತಿದೆ, ಯಾಕೆ ಅಂತ ಗೊತ್ತಾಗುತ್ತಿಲ್ಲ. ಶೀಟಿನಲ್ಲಿ ವಿಳಾಸ ಅಂತ ಇದ್ದಿದ್ದು ಅಂಗಡಿ ಹೆಸರು, ಊರಿನ ಹೆಸರು, ಪಿನ್ ಕೋಡ್. ಊರಿನ ಹೆಸರು ನೋಡಿದರೆ ಹೊಸಹಳ್ಳಿ, ಹೊಸೂರು, ಕೊಪ್ಪಲು. ಈ ಹೆಸರುಗಳು ಇಲ್ಲದ ತಾಲ್ಲೂಕು ನಮ್ಮ ಕಡೆ ಇದೆಯಾ? ಪಿನ್ ಕೋಡ್ 1972ರಲ್ಲಿ ಬಂದಿದ್ದು ಅಂಚೆ ವಿಂಗಡಿಸಲಿಕ್ಕೆ. ಹಳ್ಳಿ ಕಡೆ ಒಂದೇ ಪಿನ್ ಕೋಡಿನಡಿ ಹತ್ತಾರು ಊರು ಬರುತ್ತವೆ. ಪಿನ್ ಕೋಡ್ ನಂಬಿ ನಕ್ಷೆಯಲ್ಲಿ ಚುಕ್ಕೆ ಇಟ್ಟರೆ ಆ ಊರುಗಳ ಅಂಗಡಿಗಳೆಲ್ಲ ಒಂದೇ ಹೊಲದಲ್ಲಿ ಬಂದು ಕೂರುತ್ತವೆ.

ಇದಕ್ಕೆ ಎರಡು ಕೆಲಸ ಮಾಡಿದೆವು. ಕೇಂದ್ರ ಸರ್ಕಾರದ ಎಲ್‌ಜಿಡಿ (ಲೋಕಲ್ ಗವರ್ನ್‌ಮೆಂಟ್ ಡೈರೆಕ್ಟರಿ) ಪಟ್ಟಿಯಲ್ಲಿ ಪ್ರತಿ ಹಳ್ಳಿಗೂ ಒಂದು ಸಂಖ್ಯೆ ಇದೆ. ಊರಿನ ಹೆಸರಿನ ಪಕ್ಕ ಆ ಸಂಖ್ಯೆ ಬರೆಸಿದೆವು. ಅಲ್ಲಿಗೆ ಯಾವ ಹೊಸಹಳ್ಳಿ ಅನ್ನುವ ಪ್ರಶ್ನೆ ಮುಗಿಯಿತು. ಇನ್ನೊಂದು, ಡ್ರೈವರ್‌ಗಳಿಗೆ ಫೋನಿನಲ್ಲಿ ಒಂದು ಫಾರಂ ಹಾಕಿಕೊಟ್ಟು, ಅಂಗಡಿ ಮುಂದೆ ನಿಂತಾಗ ಒಂದು ಬಟನ್ ಒತ್ತಿ ಅಂದೆವು. ಮಾಮೂಲಿ ಸುತ್ತು ಮುಗಿಸುವಷ್ಟರಲ್ಲಿ ಎಲ್ಲ ಅಂಗಡಿಗಳ ಜಾಗವೂ ನಮ್ಮ ಕೈಗೆ ಬಂತು. ನಕ್ಷೆಯಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದು ಬಣ್ಣ ಕೊಟ್ಟು ತೋರಿಸಿದೆ. ನಾನು ಬಾಯಿ ತೆಗೆಯುವ ಮುಂಚೆ ಅವರೇ ಅಂದರು: "ಅರೆ, ಇವೆರಡು ಗಾಡಿ ಒಂದೇ ದಿನ ಒಂದೇ ರೋಡಲ್ಲಿ ಹೋಗ್ತಾವಲ್ರೀ!" ಆಮೇಲೆ ಜಿಐಎಸ್ ಅಂದರೇನು ಅಂತ ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ, ಸುಮಾರು 4 ಮೀಟರ್ ಅಗಲದ ಒಂದೊಂದು ಚೌಕಕ್ಕೂ 10 ಅಕ್ಷರದ ಕೋಡ್. ಒಳ್ಳೆಯದೇ. ಆದರೆ ನಮ್ಮ ಡ್ರೈವರ್‌ಗಳು ಈಗಲೂ ಮಾರಮ್ಮನ ಗುಡಿ ಪಕ್ಕ, ಹಾಲಿನ ಡೈರಿ ಎದುರು ಅಂತಲೇ ಹೇಳುತ್ತಾರೆ. ಆ ಗುರುತಿಗೂ ಶೀಟಿನಲ್ಲಿ ಒಂದು ಕಾಲಂ ಇಟ್ಟಿದ್ದೇವೆ.

ಜಮೀನಿನ ಲೆಕ್ಕ ಬಂದರೆ ಇನ್ನೊಂದು ತೊಡಕಿದೆ. ಇದು ಹೊರಗಿನ ಸಾಫ್ಟ್‌ವೇರ್‌ನವರಿಗೆ ಹೊಳೆಯುವುದೇ ಇಲ್ಲ. ನಮ್ಮಲ್ಲಿ 2.20 ಅಂತ ಬರೆದರೆ 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ ಆದ್ದರಿಂದ ಅದು ಎರಡೂವರೆ ಎಕರೆ. ಕಂಪ್ಯೂಟರ್ ಅದನ್ನು ಎರಡು ಎಕರೆ, ಮೇಲೆ ಐದನೇ ಒಂದು ಭಾಗ ಅಂತ ಓದುತ್ತದೆ. 2.20ಕ್ಕೆ 1.30 ಕೂಡಿಸಿ ಅಂದರೆ ಎಕ್ಸೆಲ್ 3.50 ಅನ್ನುತ್ತದೆ. ಸರಿಯಾದ ಲೆಕ್ಕ 4 ಎಕರೆ 10 ಗುಂಟೆ. ಜಮೀನಿನ ಪಟ್ಟಿ ಇಟ್ಟುಕೊಂಡಿರುವ ಯಾವ ವ್ಯಾಪಾರಿ ಬಂದರೂ ನಾವು ಮೊದಲು ನೋಡುವುದು ಈ ಕಾಲಂ. ಎಕರೆ ಒಂದು ಕಡೆ, ಗುಂಟೆ ಇನ್ನೊಂದು ಕಡೆ ಬಿಡಿಸಿ ಬರೆಸುತ್ತೇವೆ. ನಮ್ಮ ವರದಿಗಳಲ್ಲೂ ಎಕರೆ, ಗುಂಟೆಯೇ. ಹೆಕ್ಟೇರ್ ಅಂತ ಬರೆದರೆ ಫೈಲ್ ಮುಚ್ಚಿ ಆಚೆ ಇಡುತ್ತಾರೆ.

ಸಂಘಕ್ಕೆ ನಿಜವಾಗಿ ಬೇಡಿಕೆ ಬಂದಿದ್ದು ಕಾಫಿಯಿಂದ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ಬಹಳಷ್ಟು ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ದೇಶದ ಕಾಫಿಯ ದೊಡ್ಡ ಗಿರಾಕಿಗಳು. 2023ರಲ್ಲಿ ಯೂರೋಪಿಯನ್ ಒಕ್ಕೂಟ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಇಂಥವನ್ನು ಅಲ್ಲಿ ಮಾರುವ ಹಾಗಿಲ್ಲ. ಕಾಫಿ ಯಾವ ತೋಟದ್ದು ಅಂತ ಅಕ್ಷಾಂಶ, ರೇಖಾಂಶ ಸಮೇತ ತೋರಿಸಬೇಕು. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ ನಿಜ. ಆದರೆ ಅಲ್ಲಿನ ಖರೀದಿದಾರರು ಕೇಳಲು ಶುರು ಮಾಡಿ ಆಗಿದೆ. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನವರು ತಾವಾಗಿಯೇ ನಮ್ಮನ್ನು ಹುಡುಕಿಕೊಂಡು ಬಂದರು.

ಇದನ್ನು ನಾವು ಹಾಲ್‌ನಲ್ಲಿ ಮಾಡಲಿಲ್ಲ, ತೋಟದಲ್ಲೇ ಮಾಡಿದೆವು. 4 ಹೆಕ್ಟೇರ್‌ವರೆಗಿನ ತೋಟಕ್ಕೆ, ಅಂದರೆ ಸುಮಾರು 9 ಎಕರೆ 35 ಗುಂಟೆವರೆಗೆ, ಒಂದು ಚುಕ್ಕೆ ಸಾಕು. ಅದಕ್ಕಿಂತ ದೊಡ್ಡದಾದರೆ ಗಡಿ ಪೂರ್ತಿ ಬೇಕು. ಇದನ್ನು ಕೇಳಿಯೇ ಸಣ್ಣ ಬೆಳೆಗಾರರ ಅರ್ಧ ಗಾಬರಿ ಇಳಿಯಿತು. ಗಡಿ ಬೇಕಾದವರ ಜೊತೆ ಬೇಲಿ ಪಕ್ಕ ನಡೆದೆವು. ಬಯಲಲ್ಲಿ ಫೋನಿನ ಜಿಪಿಎಸ್ 4-5 ಮೀಟರ್ ಹತ್ತಿರಕ್ಕೆ ಬರುತ್ತದೆ. ಸಿಲ್ವರ್ ಮರ, ಹಲಸು, ಮತ್ತಿ ತುಂಬಿದ ತೋಟದೊಳಗೆ ಅದು ಅತ್ತಿತ್ತ ಎಗರುತ್ತದೆ. ಮೂಲೆ ಕಲ್ಲಿನ ಹತ್ತಿರ ಸುಮ್ನೆ ಸ್ವಲ್ಪ ಹೊತ್ತು ನಿಲ್ಲಿ, ಚುಕ್ಕೆ ಅಲ್ಲಾಡುವುದು ನಿಂತ ಮೇಲೆ ಒತ್ತಿ ಅಂತ ಕಲಿಸಿದೆವು. ದಶಮಾಂಶದ ನಂತರ ಆರು ಅಂಕಿ ಬೇಕು ಅನ್ನುತ್ತದೆ ಆ ಕಾನೂನು. ಆರನೇ ಅಂಕಿ ಅಂದರೆ ಸುಮಾರು 11 ಸೆಂಟಿಮೀಟರ್. ಫೋನಿಗೆ ಅಷ್ಟು ಸೂಕ್ಷ್ಮವಾಗಿ ಅಳೆಯಲು ಬರುವುದಿಲ್ಲ. ಅಂಕಿ ತುಂಬಿಸಬಹುದು, ಅಷ್ಟೇ. ಆರು ಅಂಕಿ ಇದೆ ಅಂತ ಅಳತೆ ಪಕ್ಕಾ ಅಂದುಕೊಳ್ಳಬೇಡಿ ಅಂತ ಪ್ರತಿ ಸಲವೂ ಹೇಳುತ್ತೇವೆ.

ಇನ್ನೊಂದು ತಮಾಷೆ ಇದೆ. ತೋಟದ ಚುಕ್ಕೆ, ಗಡಿ ಬರೆದಿಡುವ ಜಿಯೋಜೇಸನ್ ಅನ್ನುವ ಫೈಲಿನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಫೋನ್ ತೋರಿಸುವುದು ಇದಕ್ಕೆ ಉಲ್ಟಾ. ನೋಡಿಕೊಳ್ಳದೆ ಹಾಗೇ ತುಂಬಿಸಿದರೆ ಸಕಲೇಶಪುರದ ತೋಟ ನಾರ್ವೆಯ ಉತ್ತರಕ್ಕೆ ಸಮುದ್ರದ ನಡುವೆ ಹೋಗಿ ಬೀಳುತ್ತದೆ. ಫೈಲ್ ಕಳಿಸುವ ಮುಂಚೆ ಒಮ್ಮೆ ನಕ್ಷೆಯ ಮೇಲೆ ತೆರೆದು ನೋಡಿ ಅಂದರೆ ಯಾರೂ ಕೇಳುತ್ತಿರಲಿಲ್ಲ. ಈ ಸಮುದ್ರದ ಚಿತ್ರ ತೋರಿಸಿದ ಮೇಲೆ ಎಲ್ಲರೂ ನೋಡುತ್ತಾರೆ.

ನಮ್ಮ ಕಾಫಿ ನೆರಳಲ್ಲಿ ಬೆಳೆಯುವುದು. ಮೇಲಿಂದ ನೋಡಿದರೆ ತೋಟವೂ ಕಾಡಿನ ಹಾಗೇ ಕಾಣುತ್ತದೆ. ಹೊರದೇಶದವರು ಮಾಡಿದ ಕಾಡಿನ ನಕ್ಷೆಗಳಲ್ಲಿ ತಲೆಮಾರುಗಳಿಂದ ಇರುವ ತೋಟ ಕೂಡ ಕಾಡು ಅಂತ ಹಸಿರಾಗಿ ಬಂದಿರಬಹುದು. ಇಲ್ಲಿ ಉಪಗ್ರಹದ ಚಿತ್ರ ಒಂದನ್ನೇ ನಂಬಿದರೆ ಬೆಳೆಗಾರನಿಗೇ ನಷ್ಟ. ಪಹಣಿಯಲ್ಲಿ ಬೆಳೆ ಕಾಫಿ ಅಂತ ಇರುವುದು, ಕಾಫಿ ಬೋರ್ಡಿನ ನೋಂದಣಿ, ತೋಟದೊಳಗಿನ ಫೋಟೋ, 2020ರ ಡಿಸೆಂಬರ್ 31ಕ್ಕೆ ಮುಂಚಿನ ಮತ್ತು ಆಮೇಲಿನ ಉಪಗ್ರಹ ಚಿತ್ರ, ಎಲ್ಲ ಸೇರಿಸಿ ಒಂದು ಕಡತ ಮಾಡಿಸುತ್ತೇವೆ. ಚಿತ್ರಗಳನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗಿನವನ್ನೇ ಹುಡುಕಬೇಕು. ಉಳಿದ ದಿನ ಮಲೆನಾಡಿನ ಮೇಲೆ ಮೋಡ ಬಿಟ್ಟರೆ ಬೇರೇನೂ ಕಾಣುವುದು ಕಷ್ಟ.

ತಾಂತ್ರಿಕ ಪ್ರಶ್ನೆಗಳಿಗೆಲ್ಲ ಉತ್ತರ ಇತ್ತು. ಕಷ್ಟದ ಪ್ರಶ್ನೆ ಕೇಳಿದ್ದು ವಯಸ್ಸಾದ ಒಬ್ಬ ಬೆಳೆಗಾರರು: "ಇದು ಯಾರ ಕೈಗೆ ಹೋಗುತ್ತಪ್ಪಾ? ನಾಳೆ ಒತ್ತುವರಿ ಅಂತ ನೋಟಿಸು ಬಂದ್ರೆ?" ಮಲೆನಾಡಿನಲ್ಲಿ ಈ ಭಯ ಸಣ್ಣದಲ್ಲ. ನಾವು ಸುಳ್ಳು ಸಮಾಧಾನ ಹೇಳಲಿಲ್ಲ. ನಿಮ್ಮ ತೋಟದ ಫೈಲ್ ನಾವು ಇಟ್ಟುಕೊಳ್ಳುವುದಿಲ್ಲ, ನಿಮ್ಮ ಫೋನಿನಲ್ಲೇ ಇರುತ್ತದೆ, ಇದನ್ನು ಬರೆದು ಕೊಡುತ್ತೇವೆ ಅಂದೆವು. ಆದರೆ ನೀವು ಖರೀದಿದಾರರಿಗೆ ಕೊಟ್ಟ ಮೇಲೆ ಅದು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. ಬೆಳೆ ತೆಗೆದ ದೇಶದ ಕಾನೂನು ಪಾಲಿಸಿರಬೇಕು ಅನ್ನುವುದೂ ಆ ಯೂರೋಪಿನ ಕಾನೂನಿನಲ್ಲಿ ಇದೆ. ಇಷ್ಟೂ ಹೇಳಿದೆವು. ಕೆಲವರು ಅವತ್ತೇ ಎದ್ದು ಹೋದರು. ಉಳಿದವರ ಜೊತೆ ಮಾಡಿದ ಕೆಲಸ ನಿಂತಿದೆ. ಗಾಬರಿ ಹುಟ್ಟಿಸಿ ಮಾರುವವರೂ ಈ ಕ್ಷೇತ್ರದಲ್ಲಿ ಇದ್ದಾರೆ. ಅವರ ದಾರಿ ಬೇಗ ಮುಗಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಆಗಲ್ಲ ಅಂತ ಹೇಳಬೇಕಾದ ಕಡೆ ಹೇಳಿದ್ದೇವೆ. ಹಾಸನದ ಆಲೂಗಡ್ಡೆ ವ್ಯಾಪಾರಿಗಳು ಕೇಳಿದ್ದು ಒಂದೇ: ಈ ಸಲ ಎಷ್ಟು ಎಕರೆ ಬಿತ್ತನೆ ಆಗಿದೆ? ಇಲ್ಲಿ ಬಿತ್ತನೆ ಮೇ-ಜೂನ್‌ನಲ್ಲಿ. ಅವರಿಗೆ ಉತ್ತರ ಬೇಕಾಗುವ ಹೊತ್ತಿಗೆ ಸರಿಯಾಗಿ ಮೋಡ ಮುಚ್ಚಿರುತ್ತದೆ. ಮೋಡ ದಾಟಿ ನೋಡುವ ರೇಡಾರ್ ಚಿತ್ರಗಳಿವೆ, ಅವೂ ಉಚಿತ. ಆದರೆ ಅದರಲ್ಲಿ ಆಲೂಗಡ್ಡೆ ಯಾವುದು, ಪಕ್ಕದ ಮುಸುಕಿನ ಜೋಳ, ಶುಂಠಿ ಯಾವುದು ಅಂತ ಗುರುತಿಸಲು ಊರೂರು ತಿರುಗಿ ಹೊಲದ ದಾಖಲೆ ಮಾಡಬೇಕು. ಅಷ್ಟು ಜನ ನಮ್ಮಲ್ಲಿಲ್ಲ. ಮೇಷ್ಟ್ರ ವಿದ್ಯಾರ್ಥಿಗಳು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದ್ದಾರೆ, ನೋಡಬೇಕು. ಹದ್ದಿನ ತಕರಾರೂ ಹಾಗೇ. ದಿಶಾಂಕ್‌ನಲ್ಲಿ ಗೆರೆ ನನ್ನ ಕಡೆ ಬಂದಿದೆ, ಅದನ್ನೇ ವರದಿ ಮಾಡಿಕೊಡಿ ಅಂತ ಬರುವವರಿಗೆ ಕಡಿಮೆ ಇಲ್ಲ. ಫೋನಿನ ಪರದೆ ಮೇಲಿನ ಗೆರೆ ಕೆಲವು ಮೀಟರ್ ಆಚೀಚೆ ಇರಬಹುದು. ಸರ್ಕಾರಿ ಸರ್ವೆಯರ್ ಬಂದು ಗಡಿ ಅಳೆಯುವ ಹದ್ದುಬಸ್ತಿಗೆ ಅರ್ಜಿ ಹಾಕಿ ಅಂತ ಕಳಿಸುತ್ತೇವೆ. ಇಂಥ ಕೆಲಸ ಸಂಘದ ಯಾರೂ ಹಿಡಿಯುವ ಹಾಗಿಲ್ಲ.

ಒಳಗಿನ ಕಷ್ಟ ಬೇರೆಯೇ. ಸಂಘದಲ್ಲಿ ಇರುವವರೆಲ್ಲ ಒಬ್ಬರಿಗೊಬ್ಬರು ಪೈಪೋಟಿ. ಟೋಟಲ್ ಸ್ಟೇಷನ್‌ನವರಿಗೆ ಡ್ರೋನ್‌ನವರ ಮೇಲೆ ಅನುಮಾನ, ಇವರು ಬಂದು ರೇಟು ಕೆಡಿಸುತ್ತಾರೆ ಅಂತ. ಅದಕ್ಕೆ ಒಂದು ನಿಯಮ ಮಾಡಿಕೊಂಡೆವು. ಸಭೆಯಲ್ಲಿ ತೋರಿಸುವವರು ಅವತ್ತು ದರ ಹೇಳುವಂತಿಲ್ಲ, ವಿಸಿಟಿಂಗ್ ಕಾರ್ಡ್ ಕೊಡುವಂತಿಲ್ಲ. ಕೊನೆಗೆ ಎಲ್ಲ ಸದಸ್ಯರ ಹೆಸರಿರುವ ಒಂದು ಹಾಳೆ ಕೊಡುತ್ತೇವೆ. ಯಾರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಅಂತ ಅದರಲ್ಲಿರುತ್ತದೆ. ವ್ಯಾಪಾರಿ ಬೇಕಾದವರನ್ನು ಕರೆದುಕೊಳ್ಳಲಿ. ಈ "ಮಾಡುವುದಿಲ್ಲ" ಕಾಲಂ ಬಗ್ಗೆ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಿಲ್ಲ. ಒಂದು ಸಾಫ್ಟ್‌ವೇರ್ ಕಂಪನಿ ಕಾರ್ಯಕ್ರಮಗಳ ಖರ್ಚು ಪೂರ್ತಿ ಕೊಡುತ್ತೇವೆ, ನಮ್ಮದೊಂದನ್ನೇ ತೋರಿಸಿ ಅಂದಿತ್ತು. ಬೇಡ ಅಂದೆವು. ಸದಸ್ಯರ ವಂತಿಗೆಯಲ್ಲಿ ಹಾಲ್ ಬಾಡಿಗೆ, ಟೀ ಖರ್ಚು ನಡೆಯುತ್ತದೆ. ಬಾಡಿಗೆ ಉಳಿಸಲು ಆ ಕಸುಬಿನವರ ಸಂಘದ ಕಟ್ಟಡದಲ್ಲೇ ಸೇರುವುದು ಇನ್ನೂ ಒಳ್ಳೆಯದು. ಅವರ ಜಾಗದಲ್ಲಿ ಅವರು ಧಾರಾಳವಾಗಿ ಮಾತಾಡುತ್ತಾರೆ.

ನಿಮ್ಮ ಊರಲ್ಲಿ ಇಂಥದ್ದು ಶುರು ಮಾಡುವುದಾದರೆ ನಕ್ಷೆ ಬೇಡುವ ಕಸುಬು ಯಾವುದು ಅಂತ ಹುಡುಕುತ್ತಾ ಕೂರಬೇಡಿ. ಗಾಡಿ ಓಡಿಸುವವರು, ಜಮೀನಿನ ಪಟ್ಟಿ ಇರುವವರು, ಹೊರದೇಶಕ್ಕೆ ಕಳಿಸುವವರು, ಈ ಮೂವರಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಅವರು ಶೀಟ್ ತರುವಾಗ ಗಿರಾಕಿಗಳ ಫೋನ್ ನಂಬರ್ ಕಾಲಂ ಅಳಿಸಿಕೊಂಡು ಬರಲು ಹೇಳಿ. 2023ರ ವೈಯಕ್ತಿಕ ಡೇಟಾ ಕಾಯ್ದೆ ಬಂದ ಮೇಲೆ ಆ ಜವಾಬ್ದಾರಿ ನಮ್ಮ ತಲೆಗೆ ಯಾಕೆ? ಹಳ್ಳಿಯ ಹೆಸರು, ತಾಲ್ಲೂಕು, ಗುರುತಿನ ಜಾಗ, ಯಾವ ದಿನ ಯಾವ ಗಾಡಿ, ಇಷ್ಟಿದ್ದರೆ ಆ ಬೆಳಿಗ್ಗೆಯೇ ಕೆಲಸ ಶುರು ಮಾಡಬಹುದು.