ದುಬಾರಿ ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನಿನಲ್ಲಿ ಬೇಸ್ ಬರದಿದ್ದಾಗ: ನನ್ನ ಅನುಭವ

ಕ್ಲೋಸ್ಡ್-ಬ್ಯಾಕ್, ಅಂದರೆ ಹಿಂಬದಿ ಮುಚ್ಚಿರುವ ಹೆಡ್‌ಫೋನಿನಲ್ಲಿ ತಬಲಾ ಕೇಳುವಾಗ ಬಲಗೈ ಏಟು ಚುರುಕಾಗಿ ಕೇಳುತ್ತಿತ್ತು, ಡಗ್ಗದ ಗುಂಕಾರ ಮಾತ್ರ ಇರಲೇ ಇಲ್ಲ. ತಲೆ ಆಡಿಸಿದರೆ ಬೇಸ್ (ತಗ್ಗು ಸ್ವರ) ಬಂದು ಹೋಗುತ್ತಿತ್ತು.

ಡ್ಯಾಕ್ (ಡಿಜಿಟಲ್ ಹಾಡನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ), ಆಂಪ್ (ಆ ಸಂಕೇತವನ್ನು ಬಲಪಡಿಸುವ ಸಾಧನ), ಕೇಬಲ್ ಎಲ್ಲ ಬದಲಿಸಿದೆ. ಎಂಪಿ3 ಬಿಟ್ಟು, ಗುಣಮಟ್ಟ ಕಳೆಯದ ಫ್ಲ್ಯಾಕ್ ಫೈಲ್ ಹಾಕಿದೆ. ರಾತ್ರಿಯಿಡೀ ಹಾಡು ಹಾಕಿ ಬರ್ನ್-ಇನ್ (ಹೊಸ ಹೆಡ್‌ಫೋನನ್ನು ಪಳಗಿಸುವುದು) ಮಾಡಿದ್ದೂ ಸುಮ್ನೆ ವ್ಯರ್ಥ. ಸ್ವರಗಳ ಮಟ್ಟ ಏರಿಳಿಸುವ ಈಕ್ವಲೈಜರ್‌ನಲ್ಲಿ ಬೇಸ್ ಏರಿಸಿದರೆ ಶಬ್ದ ಒಡೆಯುತ್ತಿತ್ತು.

ತೊಂದರೆ ಇದ್ದದ್ದು ಕನ್ನಡಕದ ಕಡ್ಡಿಯಲ್ಲಿ! ಇಂಥ ಹೆಡ್‌ಫೋನಿನಲ್ಲಿ ಕುಶನ್ ಕಿವಿಯ ಸುತ್ತ ಗಾಳಿ ಸೋರದಂತೆ ಕೂರಬೇಕು. ಸಣ್ಣ ಸಂದಿಯಿದ್ದರೂ ಮೊದಲು ಹೋಗುವುದು ಬೇಸ್. ಪರೀಕ್ಷೆ ಸುಲಭ. 40 ಹರ್ಟ್ಸ್ ಟೋನನ್ನು (ತುಂಬ ತಗ್ಗಿನ ಒಂದೇ ಸ್ವರ) ಕಡಿಮೆ ವಾಲ್ಯೂಮಿನಲ್ಲಿ ಹಾಕಿ, ಹೆಡ್‌ಫೋನಿನ ಕಪ್ಪನ್ನು ಮೆಲ್ಲಗೆ ಒತ್ತಿ. ಶಬ್ದ ಜಾಸ್ತಿಯಾದರೆ ಗಾಳಿ ಸೋರುತ್ತಿದೆ ಎಂದೇ ಅರ್ಥ. ನನಗೆ ಕಡ್ಡಿ ಹಾದುಹೋಗುವ ಜಾಗದಲ್ಲಿ, ಕಿವಿಯ ಮುಂದೆಯೇ ಸಂದಿ ಸಿಕ್ಕಿತು. ಕುಶನ್ನಿನ ಫೋಮ್ ಅಲ್ಲೇ ಚಪ್ಪಟೆಯಾಗಿತ್ತು.

ಹಾಗಾಗಿ ಮೊದಲು ಅದೇ ಮಾಡೆಲ್‌ನ ಹೊಸ ಕುಶನ್ ಹಾಕಿದೆ. ಬೇರೆ ಬಗೆಯ ಕುಶನ್ ಬೇಡ, ಸ್ವರದ ಹದವೇ ಬದಲಾಗುತ್ತದೆ. ಆಮೇಲೆ ತೆಳು ಕಡ್ಡಿಯ ಫ್ರೇಮ್. ಕೂದಲು ಸರಿಸಿ, ಹೆಡ್‌ಬ್ಯಾಂಡ್ ಒಂದು ಕ್ಲಿಕ್ ಇಳಿಸಿದೆ. ಒತ್ತಿದರೂ ಟೋನ್ ಬದಲಾಗದ ಮೇಲಷ್ಟೇ ಈಕ್ವಲೈಜರ್ ಮುಟ್ಟಿದೆ. ಈ ಕ್ರಮ ತಪ್ಪಿಸಬೇಡಿ, ಸೋರುವ ಬೇಸನ್ನು ಸೆಟ್ಟಿಂಗ್ ತುಂಬಿಕೊಡುವುದಿಲ್ಲ.

ಈಕ್ವಲೈಜರ್ ಎಪಿಒ ಎಂಬ ವಿಂಡೋಸ್ ತಂತ್ರಾಂಶದಲ್ಲಿ ನನ್ನ ಸೆಟ್ಟಿಂಗ್: ಪ್ರೀಆಂಪ್ (ಒಟ್ಟು ಶಬ್ದದ ಮಟ್ಟ) -4 ಡಿಬಿ. ಲೋ ಶೆಲ್ಫ್ (ತಗ್ಗು ಸ್ವರಗಳನ್ನೆಲ್ಲ ಒಟ್ಟಿಗೆ ಏರಿಳಿಸುವುದು) 100 ಹರ್ಟ್ಸ್, +3 ಡಿಬಿ, ಕ್ಯೂ (ಬದಲಾವಣೆಯ ಹರವು ನಿರ್ಧರಿಸುವ ಅಂಕಿ) 0.7. ಪೀಕ್ (ಒಂದು ಸ್ವರದ ಆಸುಪಾಸನ್ನು ಮಾತ್ರ ಏರಿಳಿಸುವುದು) 200 ಹರ್ಟ್ಸ್, -2 ಡಿಬಿ, ಕ್ಯೂ 1. ಶಬ್ದ ಒಡೆಯುವುದು ನಿಂತದ್ದು ಆ ಪ್ರೀಆಂಪ್ ಇಳಿಸಿದ್ದರಿಂದ.