ಹಳೇ ನಂಬರು, ಹೊಸ ನಂಬರು: ನನ್ನ ಶೆಡ್ಡಿಗೆ ಫ್ರೀಕ್ಯಾಡ್ 1.0 ಬಂದ ಬಗೆ

ಕಂಪ್ಯೂಟರಿನ ಡ್ರಾಯಿಂಗಿನಲ್ಲಿ, ಪುಟ್ಟ ಹಬೆ ಇಂಜಿನ್ನಿನ ಪ್ಲೇಟಿನ ಮೇಲಿನ ಎರಡು ಮೂಲೆಗಳನ್ನು ಓರೆಯಾಗಿ ಕತ್ತರಿಸಿದೆ, ಅಷ್ಟೇ. ಮುಂಭಾಗದಲ್ಲಿದ್ದ ಹಬೆಯ ತೂತುಗಳು ಅಲ್ಲಿಂದ ಎದ್ದು ಪಕ್ಕದ ಅಂಚಿಗೆ ಹೋಗಿ ಕೂತವು. ಪರದೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾಲ್ಕು ಸಂಜೆಗಳ ಡ್ರಾಯಿಂಗ್ ಅದು.

ಪೀಣ್ಯದ ಟೂಲ್‌ರೂಮ್ ಒಂದರಲ್ಲಿ 28 ವರ್ಷ ದುಡಿದು ನಿವೃತ್ತನಾದವನು ನಾನು. ಮನೆ ಪಕ್ಕದ ಶೆಡ್ಡಿನಲ್ಲಿ ಒಂದು ಬೆಂಚ್ ಲೇಥು, ಒಂದು ಪುಟ್ಟ ಮಿಲ್ಲಿಂಗ್ ಮೆಷಿನ್ ಇಟ್ಟುಕೊಂಡಿದ್ದೇನೆ. ಮಿಲ್ಲಿಂಗ್ ಮೆಷಿನ್ನಿಗೆ ಸ್ಟೆಪ್ಪರ್ ಮೋಟರ್ ಕೂರಿಸಿ, ಆರ್ಡುಯಿನೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡಿನ ಮೇಲೆ, ಮೋಟರುಗಳನ್ನು ನಡೆಸುವ ಜಿಆರ್‌ಬಿಎಲ್ ಓಡಿಸುತ್ತೇನೆ. ಡ್ರಾಯಿಂಗಿಗೆ ಫ್ರೀಕ್ಯಾಡ್ 0.21, ಯಂತ್ರದ ಭಾಗಗಳ ಮೂರು ಆಯಾಮದ ಮಾದರಿ ಕಟ್ಟುವ ಉಚಿತ ಸಾಫ್ಟ್‌ವೇರು. ಹೊಸ 1.0 ಬಂದದ್ದು 2024ರ ನವೆಂಬರಿನಲ್ಲಿ. ತಮ್ಮನ ಮಗ ಅಂದೇ ಫೋನ್ ಮಾಡಿ, "ದೊಡ್ಡಪ್ಪ, ಹೊಸದು ಬಂತು, ಹಾಕ್ಕೊಂಡುಬಿಡಿ" ಎಂದಿದ್ದ. ನಾನು ಹಾಕಿಕೊಳ್ಳಲಿಲ್ಲ. ಓಡುತ್ತಿರುವ ಮೆಷಿನ್ನಿನ ಸೆಟ್ಟಿಂಗ್ ಮುಟ್ಟಬಾರದು ಅನ್ನುವುದು ಟೂಲ್‌ರೂಮಿನಲ್ಲಿ ಕಲಿತದ್ದು. ಸಾಫ್ಟ್‌ವೇರಿಗೂ ಅದೇ ಸರಿ ಅನ್ನಿಸಿತ್ತು. ತೂತು ಜಾಗ ಬಿಟ್ಟ ದಿನವೇ ಅದನ್ನು ಮರುಯೋಚನೆ ಮಾಡಿದ್ದು.

ಕೆಲಸ ಏನೆಂದು ಹೇಳುತ್ತೇನೆ. ಮಾಡುತ್ತಿದ್ದದ್ದು ತೂಗಾಡುವ ಸಿಲಿಂಡರಿನ ಹಬೆ ಇಂಜಿನ್, ಆಸಿಲೇಟಿಂಗ್ ಇಂಜಿನ್ ಅನ್ನುತ್ತಾರಲ್ಲ, ಅದು. ಸಿಲಿಂಡರಿನ ಬೋರು, ಅಂದರೆ ಒಳವ್ಯಾಸ, 12 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 16. ಇದಕ್ಕೆ ಬೇರೆ ವಾಲ್ವು ಇಲ್ಲ. ಸಿಲಿಂಡರು ಅತ್ತಿತ್ತ ತೂಗುವಾಗ ಅದರ ಮೈಯಲ್ಲಿರುವ ಒಂದು ತೂತು, ಹಿಂದಿನ ಪ್ಲೇಟಿನ ಎರಡು ತೂತುಗಳ ಎದುರು ಸರದಿಯಂತೆ ಬಂದು ನಿಲ್ಲುತ್ತದೆ. ಒಂದರಿಂದ ಹಬೆ ಒಳಗೆ, ಇನ್ನೊಂದರಿಂದ ಹೊರಗೆ. ಇಂಜಿನ್ನಿನ ಜೀವವೆಲ್ಲ ಆ ಎರಡು ತೂತುಗಳ ಅಂತರದಲ್ಲಿದೆ. ಕ್ರ್ಯಾಂಕಿನ ತ್ರಿಜ್ಯ 8 ಮಿ.ಮೀ., ಅದರ ನಡುಬಿಂದುವಿನಿಂದ ಸಿಲಿಂಡರ್ ತೂಗುವ ಪಿನ್ನಿಗೆ 40. ಎಂಟನ್ನು ನಲವತ್ತರಿಂದ ಭಾಗಿಸಿದರೆ 0.2. ತೂತು ಪಿನ್ನಿನಿಂದ 14 ಮಿ.ಮೀ. ದೂರದಲ್ಲಿದ್ದರೆ ಪಕ್ಕಕ್ಕೆ ಸರಿಯುವುದು 2.8. ಅಲ್ಲಿಗೆ ಎರಡು ತೂತುಗಳ ನಡುವೆ 5.6 ಬೇಕು. ತೂತಿನ ವ್ಯಾಸ 2.8ಕ್ಕಿಂತ ದಪ್ಪವಾದರೆ, ಸಿಲಿಂಡರು ನೆಟ್ಟಗೆ ನಿಂತಾಗ ಎರಡೂ ಕಡೆ ಒಟ್ಟಿಗೆ ತೆರೆದುಕೊಂಡು ಹಬೆ ಸೋರುತ್ತದೆ. ನಾನು 2.5 ಇಟ್ಟೆ. ಈ ಲೆಕ್ಕವನ್ನೆಲ್ಲ ಫ್ರೀಕ್ಯಾಡಿನ ಸ್ಪ್ರೆಡ್‌ಶೀಟಿನಲ್ಲಿ ಬರೆದಿದ್ದೆ. ಸ್ಟ್ರೋಕ್ ಬದಲಿಸಿದರೆ ತೂತುಗಳು ತಾವೇ ಸರಿಯಬೇಕು.

ಅಳತೆ ಬದಲಿಸಿದಾಗ ಸರಿಯಾಗಿಯೇ ಸರಿದವು. ಮೂಲೆ ಕತ್ತರಿಸಿದಾಗ ಮಾತ್ರ ಕೆಟ್ಟಿತು. ಕಾರಣ ಹೀಗೆ. ನಮ್ಮ ಬೀದಿಗಳಲ್ಲಿ ಗೇಟಿನ ಮೇಲೆ 'ಹಳೇ ನಂಬರು', 'ಹೊಸ ನಂಬರು' ಎಂದು ಎರಡೆರಡು ಬರೆದಿರುತ್ತದೆ. ನಡುವೆ ಎರಡು ಮನೆ ಎದ್ದು, ನಂಬರುಗಳನ್ನು ಮೊದಲಿಂದ ಎಣಿಸಿದ್ದರ ಫಲ ಅದು. ಹಳೇ ನಂಬರು ಬರೆದ ಕಾಗದ ಇನ್ಯಾರದೋ ಮನೆಗೆ ಹೋಗುತ್ತದೆ. ಹಳೆಯ ಫ್ರೀಕ್ಯಾಡ್ ಮಾಡುತ್ತಿದ್ದದ್ದೂ ಅದನ್ನೇ. ಚೌಕ ಪ್ಲೇಟಿಗೆ ಆರು ಮೈ, ಪಕ್ಕದವು ಒಂದರಿಂದ ನಾಲ್ಕು, ಎರಡು ಅಗಲ ಮೈಗಳು ಐದು ಮತ್ತು ಆರು. ನನ್ನ ತೂತುಗಳ ಸ್ಕೆಚ್ಚು ಕೂತಿದ್ದದ್ದು ಆರನೆಯ ಮೈಯ ಮೇಲೆ. ಎರಡು ಮೂಲೆ ಕತ್ತರಿಸಿದ ಕೂಡಲೇ ಪಕ್ಕದ ಮೈಗಳು ಆರಾದವು, ಅಗಲ ಮೈಗಳು ಏಳು, ಎಂಟು. ಆರು ಈಗ ಒಂದು ಅಂಚು. ಸ್ಕೆಚ್ಚು ವಿಧೇಯವಾಗಿ ಅಲ್ಲಿಗೇ ಹೋಯಿತು. ಫ್ರೀಕ್ಯಾಡ್ ಬಳಸುವವರು ಇದನ್ನು ಟೋಪೊನೇಮಿಂಗ್ ತೊಂದರೆ ಅನ್ನುತ್ತಾರೆ. 1.0ರಲ್ಲಿ ನಡೆದಿರುವ ದೊಡ್ಡ ಕೆಲಸವೇ ಇದಕ್ಕೆ ಮದ್ದು. ಪ್ರತಿ ಮೈಗೂ ಅದು ಯಾವ ಗೆರೆಯಿಂದ ಹುಟ್ಟಿತೋ ಆ ಗೆರೆಯ ಜಾಡಿನಿಂದ ಹೆಸರು.

ಹಾಗಾದರೆ ಕೂಡಲೇ ಬದಲಿಸಬಹುದಿತ್ತು. ಆದರೆ ನನ್ನಲ್ಲಿ ಹಳೆಯ ಫೈಲುಗಳು 60ಕ್ಕೂ ಮೇಲಿದ್ದವು. ಹೊಸದರಲ್ಲಿ ಉಳಿಸಿದ ಫೈಲು ಹಳೆಯದರಲ್ಲಿ ಸರಿಯಾಗಿ ತೆರೆಯುತ್ತದೆಂಬ ಭರವಸೆ ಇಲ್ಲ. ಹೋದ ದಾರಿಯಲ್ಲಿ ಹಿಂದಿರುಗಲು ಆಗುವುದಿಲ್ಲ. ಬೇರೆ ಸಾಫ್ಟ್‌ವೇರನ್ನೂ ಯೋಚಿಸಿದೆ. ಫ್ಯೂಷನ್‌ನ ವೈಯಕ್ತಿಕ ಬಳಕೆಯ ಲೈಸೆನ್ಸು ಉಚಿತ. ಆದರೆ ಏಕಕಾಲಕ್ಕೆ ತಿದ್ದಬಹುದಾದ ಫೈಲು ಹತ್ತೇ, ಮೆಷಿನ್ನಿಗೆ ಕೊಡುವ ಕೋಡಿನಲ್ಲಿ ರ‍್ಯಾಪಿಡ್ ಚಲನೆಯೂ, ಅಂದರೆ ಲೋಹ ಕತ್ತರಿಸದೆ ವೇಗವಾಗಿ ಸರಿಯುವುದೂ, ಕತ್ತರಿಸುವಾಗಿನ ಫೀಡಿನ ವೇಗಕ್ಕೆ ಇಳಿಯುತ್ತದೆ. ಅದರ ಫೈಲುಗಳು ಕಂಪನಿಯ ಕ್ಲೌಡಿನಲ್ಲಿರುತ್ತವೆ, ನನ್ನ ಫೈಲುಗಳು ನನ್ನ ಡಿಸ್ಕಿನಲ್ಲೇ ಇರಬೇಕೆಂಬುದು ನನಗೆ ಮುಖ್ಯ. ಅದನ್ನು ಅಲ್ಲಿಗೇ ಬಿಟ್ಟೆ.

1.0.1 ಬಂದ ಮೇಲೆ ಪರೀಕ್ಷೆಗೆ ಕೂತೆ. ನನ್ನದು ಲಿನಕ್ಸ್ ಕಂಪ್ಯೂಟರು. ಆಪ್‌ಇಮೇಜ್ ಇಳಿಸಿದರೆ ಒಂದೇ ಫೈಲು, ಹಳೆಯದನ್ನು ಅಳಿಸಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಎರಡೂ ಆವೃತ್ತಿಗಳು ಸೆಟ್ಟಿಂಗುಗಳನ್ನೂ ಆಡ್‌ಆನ್‌ಗಳನ್ನೂ ಒಂದೇ ಫೋಲ್ಡರಿನಲ್ಲಿ ಹುಡುಕುತ್ತವೆ. ತಮ್ಮನ ಮಗ ಎರಡು ಸಾಲಿನ ಸ್ಕ್ರಿಪ್ಟ್ ಬರೆದು ಹೊಸದಕ್ಕೆ ಬೇರೆ ಮನೆ ಮಾಡಿಕೊಟ್ಟ. ಅದನ್ನು ಮಾಡದೆ ಮುಂದೆ ಹೋಗಬೇಡಿ.

ಮೂರು ಫೈಲುಗಳ ನಕಲು ತೆಗೆದುಕೊಂಡೆ. ಮೊದಲನೆಯದು ಆ ಪ್ಲೇಟು. ಹೊಸದರಲ್ಲಿ ತೆರೆದು, ಏನನ್ನೂ ಮುಟ್ಟದೆ, ಮೊದಲು ಪೂರ್ತಿ ರೀಕಂಪ್ಯೂಟ್, ಅಂದರೆ ಮರುಲೆಕ್ಕ, ಮಾಡಿಸಿದೆ. ಹೊಸ ಹೆಸರುಗಳು ಅಂಟಿಕೊಳ್ಳುವುದೇ ಆಗ. ಆಮೇಲೆ ಮೂಲೆ ಕತ್ತರಿಸಿದೆ. ತೂತುಗಳು ಇದ್ದಲ್ಲೇ ಇದ್ದವು. ಮತ್ತೆ ಮತ್ತೆ ಮಾಡಿ ನೋಡಿದೆ, ಅಲ್ಲಾಡಲಿಲ್ಲ. ನಿಜವಾಗಿ ಸಂತೋಷವಾಯಿತು.

ಎರಡನೆಯದು ಸುತ್ತ ತೂತುಗಳಿರುವ ಡಿವೈಡಿಂಗ್ ಪ್ಲೇಟು. ಕಣ್ಣಿನಿಂದ ನೋಡಿ ಒಪ್ಪಲಿಲ್ಲ, ಎರಡೂ ಆವೃತ್ತಿಗಳಲ್ಲಿ ಘನಗಾತ್ರ ಕೇಳಿ ಹೋಲಿಸಿದೆ. ಒಂದೇ ಬಂತು. ಮೂರನೆಯದು ಕತ್ತರಿಸುವ ಉಳಿಯನ್ನು ಹಿಡಿಯುವ, ಲೇಥಿನ ಟೂಲ್‌ಪೋಸ್ಟು. ಅದರ ಬಿಡಿಭಾಗಗಳನ್ನು ಎ2ಪ್ಲಸ್ ಆಡ್‌ಆನ್‌ನಲ್ಲಿ ಜೋಡಿಸಿದ್ದೆ. 1.0ರಲ್ಲಿ ಅಸೆಂಬ್ಲಿ ಒಳಗೇ ಬಂದಿದೆ, ಚೆನ್ನಾಗಿಯೂ ಇದೆ, ಆದರೆ ಹಳೆಯ ಜೋಡಣೆ ತಾನಾಗಿ ಅದಕ್ಕೆ ಬದಲಾಗುವುದಿಲ್ಲ. ಪ್ರತಿ ಜಾಯಿಂಟನ್ನೂ ಮತ್ತೆ ಹಾಕಬೇಕು. ಅರ್ಧ ಮುಗಿದ ಜಾಬಿಗೆ ಅಷ್ಟು ಕೆಲಸ ಮಾಡುವುದು ತಪ್ಪು ಅನ್ನಿಸಿತು.

ಪರೀಕ್ಷೆ ಪರದೆಯಲ್ಲಿ ಮುಗಿಯಬಾರದು, ಲೋಹದಲ್ಲಿ ಮುಗಿಯಬೇಕು. ಫ್ರೀಕ್ಯಾಡಿನಲ್ಲಿ ಮೆಷಿನ್ನಿಗೆ ಕೋಡು ತಯಾರಿಸುವ, ಪಾತ್ ಎಂದಿದ್ದ ವರ್ಕ್‌ಬೆಂಚಿನ ಹೆಸರು ಈಗ ಕ್ಯಾಮ್. ಅದರಲ್ಲಿ ಹೊಸದಾಗಿ ಜಾಬ್ ಮಾಡಿ, ಮೆಷಿನ್ನಿಗೆ ಆಜ್ಞೆ ಕೊಡುವ ಜಿ-ಕೋಡ್ ತೆಗೆದು, ಮೊದಲು ನೈಲಾನ್ ತುಂಡಿನ ಮೇಲೆ ಓಡಿಸಿದೆ. ಮೊದಲ ಡ್ರಿಲ್ಲಿಂಗಿನಲ್ಲೇ ಮೆಷಿನ್ ನಿಂತು 'ಎರರ್ 20' ತೋರಿಸಿತು. ಜಿ81 ಎಂಬ ಡ್ರಿಲ್ಲಿಂಗ್ ಸೈಕಲ್ ಜಿಆರ್‌ಬಿಎಲ್‌ಗೆ ಗೊತ್ತಿಲ್ಲ. ಅದನ್ನು ಜಿ0, ಜಿ1 ಎಂಬ ಸರಳ ಚಲನೆಗಳಾಗಿ ಬಿಡಿಸಿ ಬರೆ ಎಂದು, ಕೋಡನ್ನು ಮೆಷಿನ್ನಿಗೆ ಒಗ್ಗುವಂತೆ ಬರೆಯುವ ಪೋಸ್ಟ್ ಪ್ರೊಸೆಸರಿಗೆ ಹೇಳುವ ಆಯ್ಕೆಯೊಂದಿದೆ. ನನ್ನ ಹಳೆಯ ಜಾಬುಗಳಲ್ಲಿ ಅದು ಇತ್ತು, ಹೊಸ ಜಾಬಿನಲ್ಲಿ ಸೇರಿಸಿರಲಿಲ್ಲ. ಆ ಸಾಲು ಹಾಕಿದ ಮೇಲೆ ಓಡಿತು. ಹಿತ್ತಾಳೆಗೆ ಹೋಗುವ ಮುನ್ನ ನೈಲಾನ್ ಹಾಕಿದ್ದಕ್ಕೆ ಒಂದು ತುಂಡು ಉಳಿಯಿತು. ಎಸ್‌ಜೆಪಿ ರೋಡಿನಲ್ಲಿ ತೂಕದ ಲೆಕ್ಕದಲ್ಲಿ ತಂದ ಹಿತ್ತಾಳೆ ಅದು, ಅಗ್ಗವೇನಲ್ಲ.

ಹಿತ್ತಾಳೆಯಲ್ಲಿ ಕೊರೆದ ಮೇಲೆ ಅಳೆದದ್ದು ಹೀಗೆ: ಎರಡು ತೂತಿಗೂ 2.5ರ ಡ್ರಿಲ್ ಬಿಟ್ಟುಗಳ ನುಣುಪು ತುದಿ ತೂರಿಸಿ, ಹೊರಗಿಂದ ಹೊರಕ್ಕೆ ವರ್ನಿಯರ್ ಹಿಡಿದೆ. 8.1 ಬರಬೇಕು. 8.12 ಬಂತು. ನನ್ನ ಮೆಷಿನ್ನಿಗೆ ಇದು ಒಳ್ಳೆಯ ಅಳತೆ.

ಈಗ ನನ್ನಲ್ಲಿ ಎರಡೂ ಇವೆ. ಹಬೆ ಇಂಜಿನ್ನೂ ಇನ್ನು ಮುಂದಿನ ಹೊಸ ಕೆಲಸಗಳೂ 1.0ರಲ್ಲಿ. ಟೂಲ್‌ಪೋಸ್ಟು ಮುಗಿಯುವವರೆಗೆ 0.21ರಲ್ಲೇ ಇರುತ್ತದೆ. ಹಳೆಯ ಫೈಲುಗಳಿಗೆಲ್ಲ 'ಸ್ಟೆಪ್' ಎಂಬ ಫೈಲು ರೂಪದಲ್ಲಿ ಒಂದೊಂದು ನಕಲು ತೆಗೆದಿಟ್ಟೆ. ಅದರಲ್ಲಿ ಆಕಾರ ಮಾತ್ರ ಉಳಿಯುತ್ತದೆ, ಕಟ್ಟಿದ ಹಂತಗಳು ಉಳಿಯುವುದಿಲ್ಲ, ಆದರೂ ಹೆಚ್ಚುಕಡಿಮೆ ಯಾವ ಕ್ಯಾಡ್ ಸಾಫ್ಟ್‌ವೇರಿನಲ್ಲೂ ತೆರೆಯುತ್ತದೆ. ಮುದ್ರಿಸಿದ ಡ್ರಾಯಿಂಗುಗಳ ಮೂಲೆಯಲ್ಲಿ ತಾರೀಖಿನ ಪಕ್ಕ ಯಾವ ಆವೃತ್ತಿ ಎಂದೂ ಬರೆಯುತ್ತಿದ್ದೇನೆ. ಹೊಸ ಹೆಸರಿನ ವ್ಯವಸ್ಥೆಯೂ ಪೂರ್ತಿ ಗುಣ ಕೊಟ್ಟಿಲ್ಲ. ಒಂದು ಫೈಲಿನಲ್ಲಿ ಚೇಂಫರ್, ಅಂದರೆ ಅಂಚಿನ ಓರೆ ಕಡಿತ, ತನ್ನ ಅಂಚನ್ನು ಕಳೆದುಕೊಂಡಿತು. ಆದರೆ ಸದ್ದಿಲ್ಲದೆ ತಪ್ಪು ಅಂಚಿಗೆ ಹೋಗಲಿಲ್ಲ, ಕೆಂಪು ಗುರುತು ತೋರಿಸಿ ನಿಂತಿತು. ನನಗೆ ಬೇಕಾದದ್ದೂ ಅದೇ.

ಪ್ಲೇಟು ಈಗ ಬೆಂಚಿನ ಮೇಲಿದೆ. ಸಿಲಿಂಡರಿನ ಬೋರು ಕೊರೆದಾಗಿದೆ, ತೂತನ್ನು ನಯವಾಗಿ ನಿಖರ ಅಳತೆಗೆ ತರುವ 12ರ ರೀಮರ್ ಹಾಕುವುದು ಬಾಕಿ.