ಯಾವ ಹವೆಯಲ್ಲಿ ಉಪ್ಪು ಕಲ್ಲನ್ನು ತಿನ್ನುತ್ತದೆ? ಮೂರು ಗುಂಪುಗಳ ಪರೀಕ್ಷೆ

ಸರಾಸರಿ ತೇವಾಂಶ ನೋಡಿ ಕಲ್ಲಿನ ಗತಿ ಹೇಳಹೊರಟರೆ ಲೆಕ್ಕ ತಪ್ಪುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಹಿಡಿಯಬಲ್ಲ ಗರಿಷ್ಠ ತೇವದ ಎಷ್ಟು ಪಾಲು ಗಾಳಿಯಲ್ಲಿದೆ ಎಂಬ ಅಳತೆ) ಸುಮಾರು ಶೇ 75 ದಾಟಿದರೆ ಸೋಡಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪು, ನೀರೊಡೆಯುತ್ತದೆ, ಎಂದರೆ ಗಾಳಿಯ ತೇವ ಹೀರಿ ಕರಗುತ್ತದೆ; ಇಳಿದರೆ ಮತ್ತೆ ಹರಳುಗಟ್ಟುತ್ತದೆ. ರಂಧ್ರಗಳನ್ನು ಒಳಗಿಂದ ಒತ್ತಿ ಸೀಳುವುದು ಆ ಹರಳೇ. ಆರ್ದ್ರತೆ ಈ ಗೆರೆಯನ್ನು ಎಷ್ಟು ಸಲ ದಾಟಿತು ಎಂಬುದನ್ನು ಎಣಿಸಬೇಕು.

ಒಂದೇ ಮರಳುಗಲ್ಲಿನ ತುಂಡಿನಿಂದ 40 ಮಿ.ಮೀ. ಘನಗಳನ್ನು ಕತ್ತರಿಸಿ, ಪದರದ ದಿಕ್ಕು ಗುರುತಿಸಿ. ತೂಕ ಸ್ಥಿರವಾಗುವವರೆಗೆ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ತೂಗಿ. 100 ಗ್ರಾಂ ಶುದ್ಧ ಉಪ್ಪನ್ನು 900 ಗ್ರಾಂ ನೀರಿನಲ್ಲಿ ಕರಗಿಸಿ ಘನಗಳನ್ನು 24 ಗಂಟೆ ನೆನೆಸಿ. ಮೊದಲ ಒಂದು ಗಂಟೆ ಅರ್ಧ ಮಾತ್ರ ಮುಳುಗಿರಲಿ, ಒಳಗಿನ ಗಾಳಿ ಮೇಲಿಂದ ಹೊರಬೀಳುತ್ತದೆ. ಬೇರೆ ಲವಣ ಬೆರೆತ ಉಪ್ಪು ಬೇಡ. ಮಿಶ್ರಣದಲ್ಲಿ ನೀರೊಡೆಯುವ ಗೆರೆ ಕೆಳಗಿಳಿಯುತ್ತದೆ. ಮತ್ತೆ ಒಣಗಿಸಿ.

ಬಿಗಿ ಮುಚ್ಚಳದ ಡಬ್ಬಿಗಳ ತಳದಲ್ಲಿ ಲವಣದ ಗಸಿ (ಪೂರ್ತಿ ಕರಗದಷ್ಟು ಲವಣ ಬೆರೆಸಿದ ನೀರು) ಇಡಿ. 25 ಡಿಗ್ರಿಯಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಶೇ 33, ಪೊಟ್ಯಾಸಿಯಂ ಕ್ಲೋರೈಡ್ ಶೇ 84 ಆರ್ದ್ರತೆ ಕಾಯುತ್ತವೆ. ಕರಗದ ಲವಣ ತಳದಲ್ಲಿ ಉಳಿದಿರಲೇಬೇಕು. ಘನಗಳನ್ನು ಜಾಲರಿಯ ಮೇಲಿಡಿ, ಗಸಿ ತಾಕಬಾರದು. ಮೊದಲ ಗುಂಪು ಸದಾ ಶೇ 33ರಲ್ಲಿ, ಎರಡನೆಯದು ಸದಾ ಶೇ 84ರಲ್ಲಿ, ಮೂರನೆಯದು ವಾರಕ್ಕೊಮ್ಮೆ ಅತ್ತಿಂದಿತ್ತ. ಉಪ್ಪಿಲ್ಲದ ಒಂದು ಘನವನ್ನೂ ಮೂರನೆಯದರ ಜೊತೆ ಓಡಾಡಿಸಿ, ಇಲ್ಲದಿದ್ದರೆ ಬರೀ ನೀರಿನ ಕೆಲಸವನ್ನು ಉಪ್ಪಿನ ತಲೆಗೆ ಕಟ್ಟಿದಂತಾಗುತ್ತದೆ. ಎರಡನೆಯ ಗುಂಪಿನಲ್ಲಿ ಉಪ್ಪು ದ್ರವವಾಗಿಯೇ ಉಳಿಯುತ್ತದೆ, ತೂಕ ಏರುತ್ತದೆ. ಪುಡಿ ಉದುರುವುದನ್ನು ಮೂರನೆಯದರಲ್ಲಿ ಹುಡುಕಿ.

ಉಷ್ಣತೆ ಏರಿಳಿಯದ ಜಾಗ ಬೇಕು. ಹೊರಗಿನ ಹವೆಯಲ್ಲಿ ರಾತ್ರಿಯ ತಂಪೊಂದೇ ಸಾಕು: 30 ಡಿಗ್ರಿಯಲ್ಲಿ ಶೇ 60 ಇದ್ದ ಗಾಳಿ 25ಕ್ಕಿಳಿದರೆ, ಒಂದು ಹನಿ ನೀರೂ ಸೇರದೆ ಸುಮಾರು ಶೇ 80 ಆಗುತ್ತದೆ. ಮರುಭೂಮಿಯಲ್ಲೂ ಕಲ್ಲು ಉಪ್ಪಿಗೆ ಪುಡಿಯಾಗುವುದಕ್ಕೆ ಇದೂ ಒಂದು ಕಾರಣ.

ಗಾಳಿಯ ಪಾತ್ರ ನೋಡಲು ಎರಡು ಘನಗಳ ಪಕ್ಕಗಳಿಗೆ ಮೇಣ ಬಳಿದು 1 ಸೆಂ.ಮೀ. ಉಪ್ಪುನೀರಿನಲ್ಲಿ ನಿಲ್ಲಿಸಿ, ಒಂದಕ್ಕೆ ಫ್ಯಾನ್ ಬೀಸಲಿ. ನಿಧಾನವಾಗಿ ಆರುವ ಕಲ್ಲಿನ ಮೇಲ್ಮೈಯಲ್ಲಿ ಬಿಳಿ ಉಪ್ಪು ಏಳುತ್ತದೆ, ಹಾನಿ ಕಡಿಮೆ. ನೀರು ಮೇಲೇರುವುದಕ್ಕಿಂತ ಬೇಗ ಆರಿದರೆ ಹರಳು ಒಳಗೇ ಕಟ್ಟಿ ಚಕ್ಕೆ ಏಳುತ್ತದೆ.

ಕಲ್ಲು ಉಪ್ಪನ್ನು ಎಷ್ಟು ತಾಳುತ್ತದೆಂದು ನೋಡುವ ಯುರೋಪಿನ ಮಾನಕ ಇಎನ್ 12370 ಪರೀಕ್ಷೆಯಲ್ಲಿ ಸೋಡಿಯಂ ಸಲ್ಫೇಟ್ ಬಳಸಿ 105 ಡಿಗ್ರಿಯಲ್ಲಿ ಒಣಗಿಸಿ 15 ಸುತ್ತು ನಡೆಸುತ್ತಾರೆ. ಕಲ್ಲುಗಳನ್ನು ಹೋಲಿಸಲು ಅದು ಸರಿ. ಆದರೆ ಅಷ್ಟು ಕಾದ ಹವೆ ಎಲ್ಲಿಯೂ ಇಲ್ಲ.

ಕೊನೆಯ ತೂಕದಲ್ಲೇ ಹಲವರು ಎಡವುತ್ತಾರೆ. ಒಳಗುಳಿದ ಉಪ್ಪಿನ ಭಾರ ಉದುರಿದ ಕಲ್ಲಿನ ನಷ್ಟವನ್ನು ಮುಚ್ಚಿಡುತ್ತದೆ. ಬಟ್ಟಿ ಇಳಿಸಿದ ನೀರನ್ನು ದಿನಾ ಬದಲಿಸುತ್ತ, ಉಪ್ಪು ಬಿಡುವುದು ನಿಲ್ಲುವವರೆಗೆ ಘನ ನೆನೆಸಿ, 60 ಡಿಗ್ರಿಯಲ್ಲಿ ಒಣಗಿಸಿ ಆಮೇಲೆ ತೂಗಿ. ಉದುರಿದ ಪುಡಿಯನ್ನೂ ತೊಳೆದು ಬೇರೆ ತೂಗಿ.